ಮುಡಿಯುವ ಹೂ, ಕಟ್ಟುವ ಕೈ

'ಹ' ಅಕ್ಷರಕ್ಕೆ 'ಊ' ಸೇರಿಸಿದರೆ ಏನಾಗುತ್ತದೆ? 'ಹೂ' ಆಗುತ್ತದೆ. ಒಂದೇ ಅಕ್ಷರದ ಪದ. ಬರೆಯುವುದು ಸುಲಭ. ಕುನ್ನತ್ತೂರಿನ ನಮ್ಮ ಸಂಜೆ ತರಗತಿಯಲ್ಲಿ ಈ ಪದ ಹೇಳಿಕೊಟ್ಟ ದಿನ ಒಬ್ಬ ಅಕ್ಕ ಜೋರಾಗಿ ನಕ್ಕುಬಿಟ್ಟರು.

"ಬರೆಯೋಕೆ ಇದು ಇಷ್ಟು ಸಣ್ಣದಾ ಟೀಚರಮ್ಮಾ? ದಿನಾ ಕಟ್ಟಿ ಕಟ್ಟಿ ನನ್ನ ಬೆರಳೇ ಸವೆದು ಹೋಯ್ತಲ್ಲ!"

ಆ ಅಕ್ಕ ಹೂ ಕಟ್ಟಿ ಮಾರುವವರು. ತರಗತಿಗೂ ಬುಟ್ಟಿ ತರುತ್ತಾರೆ. ಕಣ್ಣು ಕರಿಹಲಗೆಯ ಮೇಲೆ, ಕೈ ಹೂವಿನ ಮೇಲೆ. ಸ್ಲೇಟು ಹಿಡಿಯುವ ಸರದಿ ಬಂದಾಗ ಮಾತ್ರ ಬುಟ್ಟಿ ಪಕ್ಕಕ್ಕೆ ಹೋಗುತ್ತದೆ. ತರಗತಿಗೆ ಬರುವವರಲ್ಲಿ ಬಹಳ ಮಂದಿ ನೇಕಾರರ ಮನೆಯವರು. ಮನೆಯಲ್ಲಿ ಮಾತು ಕನ್ನಡ, ಬೀದಿಯಲ್ಲಿ ತಮಿಳು. ಕೆಲವರು ಬನಿಯನ್ ಕಂಪನಿಯಲ್ಲಿ ದಿನವಿಡೀ ದುಡಿದು ಬಂದಿರುತ್ತಾರೆ. ಎಷ್ಟೇ ದಣಿದಿರಲಿ, ತಲೆಯಲ್ಲಿ ಒಂದು ತುಂಡು ಹೂ ಇದ್ದೇ ಇರುತ್ತದೆ. ಹೂವಿನ ಅಕ್ಕನ ತಲೆ ಮಾತ್ರ ಬರಿದು. ಅದರ ಮಾತು ಕೊನೆಗೆ ಬರುತ್ತದೆ.

ಆ ದಿನ ನಾವು ಪುಸ್ತಕ ಮುಚ್ಚಿಟ್ಟೆವು. ಅಕ್ಕನೇ ಟೀಚರಾದರು. ತಲೆಗೆ ಮುಡಿಯುವ ಒಡವೆ ಅಂದರೆ ಬಂಗಾರ ಒಂದೇ ಅಲ್ಲ. ಗಿಡ, ಬಳ್ಳಿ, ನಾರು, ಬೆಂಡು, ಬಿದಿರು ಇವೆಲ್ಲವೂ ಒಡವೆ ಆಗುತ್ತವೆ. ಮಾಡುವುದು ಹೇಗೆ? ಯಾರು ಮಾಡುತ್ತಾರೆ? ಅವರಿಗೆ ಏನು ಸಿಗುತ್ತದೆ? ಅಲ್ಲಿ ಕಲಿತದ್ದನ್ನೂ ಆಮೇಲೆ ತಿಳಿದುಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಬಾಳೆಯ ನಾರು, ಐದು ಬೆರಳು

ಹೂ ಕಟ್ಟಲು ಹತ್ತಿಯ ನೂಲನ್ನೂ ಬಳಸುತ್ತಾರೆ. ಆದರೆ ಒಳ್ಳೆಯದು ಬಾಳೆಯ ನಾರು. ಗೊನೆ ಕಡಿದ ಮೇಲೆ ಬಾಳೆಗಿಡ ಸುಮ್ಮನೆ ಬಿದ್ದಿರುತ್ತದೆಯಲ್ಲ, ಅದರ ದಿಂಡಿನ ಹೊರಗಿನ ಪಟ್ಟೆಗಳನ್ನು ಸುಲಿದು ಒಣಗಿಸುತ್ತಾರೆ. ಬೇಕಾದಾಗ ನೀರಲ್ಲಿ ನೆನೆಸಿ, ಉಗುರಿನಿಂದ ಸಣ್ಣಗೆ ಸೀಳುತ್ತಾರೆ.

ನೂಲಿಗಿಂತ ನಾರು ಯಾಕೆ ಮೇಲು? ನೂಲು ಸಣ್ಣ, ಬಿಗಿ. ಎಳೆದರೆ ಮೊಗ್ಗಿನ ತೊಟ್ಟನ್ನು ಕೊಯ್ದುಬಿಡುತ್ತದೆ. ನಾರು ಚಪ್ಪಟೆ, ಮೆತ್ತಗೆ. ತೊಟ್ಟನ್ನು ಅಪ್ಪಿ ಹಿಡಿಯುತ್ತದೆ. ನೆನೆದ ನಾರು ತನ್ನೊಳಗೆ ಸ್ವಲ್ಪ ನೀರನ್ನೂ ಇಟ್ಟುಕೊಂಡಿರುತ್ತದೆ. ಹೂ ಬೇಗ ಬಾಡುವುದಿಲ್ಲ. ಮಾರನೆಯ ದಿನ ಹೂವಿನ ಜೊತೆಗೆ ನಾರೂ ಗೊಬ್ಬರದ ಗುಂಡಿಗೆ ಹೋಗುತ್ತದೆ.

ಕಟ್ಟುವ ಕ್ರಮ ನೋಡಿ. ಎರಡು ಮೊಗ್ಗು ಈ ಕಡೆ ಮುಖ. ಎರಡು ಮೊಗ್ಗು ಆ ಕಡೆ ಮುಖ. ನಡುವೆ ನಾಲ್ಕು ತೊಟ್ಟುಗಳು ಒಂದರ ಮೇಲೊಂದು ಕೂರುತ್ತವೆ. ಎಡಗೈ ಹೆಬ್ಬೆರಳು, ತೋರುಬೆರಳು ಅವನ್ನು ಒತ್ತಿ ಹಿಡಿಯುತ್ತವೆ. ಬಲಗೈ ನಾರನ್ನು ಒಂದು ಸುತ್ತು ಸುತ್ತುತ್ತದೆ. ಆಮೇಲೆ ಬೆರಳಲ್ಲಿ ನಾರನ್ನು ತಿರುವಿ ಒಂದು ಕುಣಿಕೆ ಮಾಡಿ, ತೊಟ್ಟುಗಳ ಮೇಲೆ ಇಳಿಸಿ ಎಳೆಯಬೇಕು. ಒಂದು ಗಂಟು ಆಯಿತು. ಹೇಳಲು ಇಷ್ಟು ಹೊತ್ತು ಬೇಕು. ಅಕ್ಕನ ಕೈಯಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ನಾನೂ ಕೂತು ಪ್ರಯತ್ನಿಸಿದೆ. ಜೋರಾಗಿ ಎಳೆದೆ, ತೊಟ್ಟು ಮುರಿಯಿತು. ಮೆತ್ತಗೆ ಎಳೆದೆ, ಹೂ ಉದುರಿತು. ಐದು ಗಂಟು ಹಾಕುವಷ್ಟರಲ್ಲಿ ಬೆವರು ಬಂತು. "ಅಕ್ಷರ ತಿದ್ದುವಾಗ ನಮ್ಮ ಕೈಯೂ ಹೀಗೇ ನಡುಗಿತ್ತು ಟೀಚರಮ್ಮಾ" ಅಂದರು ಅಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ಗಂಟಿನಲ್ಲಿ ಒಂದು ಜಾಣತನ ಇದೆ. ಪ್ರತಿ ಗಂಟೂ ತನ್ನ ಪಾಡಿಗೆ ತಾನು ಬಿಗಿಯಾಗಿ ನಿಲ್ಲುತ್ತದೆ. ಮಾಲೆಯನ್ನು ಎಲ್ಲಿ ಕತ್ತರಿಸಿದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೇ ಹೂವನ್ನು ಉದ್ದಕ್ಕೆ ಕಟ್ಟಿ, ಕೇಳಿದಷ್ಟು ಕತ್ತರಿಸಿ ಮಾರಲು ಆಗುತ್ತದೆ. ಸೂಜಿಯಿಂದ ಪೋಣಿಸಿದ ಹಾರದಲ್ಲಿ ಹೀಗೆ ಆಗುವುದಿಲ್ಲ. ಒಂದು ಕಡೆ ಕತ್ತರಿಸಿದರೆ ಎಲ್ಲವೂ ಜಾರಿ ಬೀಳುತ್ತದೆ.

ಮೊಳ ಒಂದೇ, ಹೂ ಬೇರೆ

ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಸುಮಾರು 45 ಸೆಂಟಿಮೀಟರು. ನಾಲ್ಕು ಮೊಳ ಸೇರಿದರೆ ಒಂದು ಮಾರು. ಕೈ ಎಲ್ಲರದೂ ಒಂದೇ ಉದ್ದ ಇರುವುದಿಲ್ಲ. ಹಾಗಾಗಿ ಮೊಳವೂ ಒಂದೇ ಇರುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಅಳತೆ ಎಂದರೆ ಮೀಟರು. 2009ರ ಅಳತೆ ಕಾನೂನೂ ಅದನ್ನೇ ಹೇಳುತ್ತದೆ. ಆದರೆ ಹೂವಿನ ಬುಟ್ಟಿಯ ಹತ್ತಿರ ಈಗಲೂ ಕೈಯೇ ಅಳತೆಗೋಲು.

ನಾವು ಅಂದು ಒಂದು ಲೆಕ್ಕ ಮಾಡಿದೆವು. ಅಕ್ಕ ದಟ್ಟವಾಗಿ ಕಟ್ಟಿದ ಒಂದು ಮೊಳದಲ್ಲಿ 45 ಗಂಟು ಇತ್ತು. ಗಂಟಿಗೆ 4 ಮೊಗ್ಗು. ನಲವತ್ತೈದು ನಾಲ್ಕಲಿ ನೂರಎಂಬತ್ತು. ಅಂದರೆ 180 ಮೊಗ್ಗು. ಆಮೇಲೆ ಒಬ್ಬರು ಬಸ್ ನಿಲ್ದಾಣದಲ್ಲಿ ಕೊಂಡ ಹೂವನ್ನು ತಲೆಯಿಂದ ತೆಗೆದು ಕೊಟ್ಟರು. ಅದೂ ಒಂದು ಮೊಳವೇ. ಗಂಟು 25. ಮೊಗ್ಗು 100. ಗಂಟಿನ ನಡುವೆ ಜಾಗ ಬಿಟ್ಟು ಕಟ್ಟಿದ್ದರು. ಕೊಟ್ಟ ದುಡ್ಡು ಹೆಚ್ಚು ಕಡಿಮೆ ಒಂದೇ!

"ಇನ್ನು ಮೇಲೆ ಮೊಳ ನೋಡಲ್ಲ, ಗಂಟು ನೋಡ್ತೀನಿ" ಅಂದರು ಆಕೆ. ಲೆಕ್ಕ ಕಲಿತದ್ದು ಹೀಗೆ ಕೆಲಸಕ್ಕೆ ಬಂತು.

ಉಡುಪಿ ಜಿಲ್ಲೆಯ ಶಂಕರಪುರದ ಕಡೆ ಪದ್ಧತಿ ಬೇರೆ. ಅಲ್ಲಿನ ಮಲ್ಲಿಗೆಗೆ ಉಡುಪಿ ಮಲ್ಲಿಗೆ, ಶಂಕರಪುರ ಮಲ್ಲಿಗೆ ಎಂದೇ ಹೆಸರು. ಅಲ್ಲಿ ಎಣಿಕೆಯೇ ಅಳತೆ. 800 ಹೂ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. 800ನ್ನು 4ರಿಂದ ಗುಣಿಸಿ ನೋಡಿ. ಒಂದು ಅಟ್ಟೆಗೆ 3,200 ಹೂ. ಆ ದಿನದ ಅಟ್ಟೆಯ ದರ ಗೊತ್ತಾದರೆ, ಬೆಳೆದವರಿಗೂ ಕಟ್ಟಿದವರಿಗೂ ತಮಗೆ ಬರಬೇಕಾದದ್ದು ಎಷ್ಟು ಎಂದು ತಿಳಿಯುತ್ತದೆ. ನನಗೆ ಈ ಪದ್ಧತಿ ಹೆಚ್ಚು ನ್ಯಾಯ ಅನ್ನಿಸುತ್ತದೆ. ನೀವೇನು ಹೇಳುತ್ತೀರಿ?

ಯಾವ ಹೂ, ಯಾವ ಗುಣ

ನಮ್ಮ ಕಡೆ ಹೂ ಅಂದರೆ ಮೊದಲು ನೆನಪಾಗುವುದು ಸತ್ಯಮಂಗಲ. ಅದು ಈರೋಡು ಜಿಲ್ಲೆಯಲ್ಲಿದೆ. ಅದರ ಸುತ್ತಮುತ್ತ ಮಲ್ಲಿಗೆಯ ಹೊಲಗಳು. ಅಲ್ಲಿನ ಹೂ ಘಟ್ಟ ಹತ್ತಿ ಕರ್ನಾಟಕಕ್ಕೂ ಹೋಗುತ್ತದೆ, ಕೇರಳಕ್ಕೂ ಹೋಗುತ್ತದೆ. ಕೊಯಮತ್ತೂರಿನಲ್ಲಿ ಮೇಟುಪಾಳ್ಯಂ ರಸ್ತೆಯ ಹೂ ಮಾರುಕಟ್ಟೆಗೆ ಬೆಳಗ್ಗೆ ಹೋಗಿ ನೋಡಿ. ಬಸ್ಸಿನಿಂದ ಇಳಿಯುವ ಮೊದಲೇ ವಾಸನೆ ಬರುತ್ತದೆ.

ಮಲ್ಲಿಗೆಯನ್ನು ಹೂವಾಗಿ ಕೊಯ್ಯುವುದಿಲ್ಲ, ಮೊಗ್ಗಾಗಿ ಕೊಯ್ಯುತ್ತಾರೆ. ಬೆಳಗಿನ ಜಾವ, ಬಿಸಿಲು ಏರುವ ಮೊದಲು. ಬಲಿತು ಬೆಳ್ಳಗಾದ, ಇನ್ನೂ ಬಿರಿಯದ ಮೊಗ್ಗನ್ನೇ ಆರಿಸಬೇಕು. ಗಿಡದಿಂದ ಕೊಯ್ದ ಮೇಲೂ ಮೊಗ್ಗಿಗೆ ಜೀವ ಇರುತ್ತದೆ. ಅದು ಉಸಿರಾಡುತ್ತಲೇ ಇರುತ್ತದೆ. ಸಂಜೆಗೆ ತಾನಾಗಿ ಬಿರಿಯುತ್ತದೆ. ಬಿರಿಯುವಾಗಲೇ ಘಮ ಹೊರಗೆ ಬರುವುದು. ಬೆಳಗ್ಗೆ ಕೊಯ್ದದ್ದು ಸಂಜೆ ನಿಮ್ಮ ತುರುಬಿನಲ್ಲಿ ಅರಳುತ್ತದೆ ಎಂದರೆ ನಡುವೆ ಎಷ್ಟು ಕೈ ಓಡಿರಬೇಕು, ಲೆಕ್ಕ ಹಾಕಿ. ಕೊಯ್ಯುವವರು, ತೂಗುವವರು, ಹೊರುವವರು, ಕಟ್ಟುವವರು, ಮಾರುವವರು. ಎಲ್ಲರಿಗೂ ಇರುವುದು ಒಂದೇ ಹಗಲು. ಮಾರದೆ ಉಳಿದರೆ ಮಾರನೆಯ ದಿನ ಅದಕ್ಕೆ ಬೆಲೆ ಇಲ್ಲ. ಅದಕ್ಕೇ ಅಕ್ಕ ತರಗತಿಯಲ್ಲೂ ಕಟ್ಟುತ್ತಾರೆ.

ಬೇಸಿಗೆಯಲ್ಲಿ ಮಲ್ಲಿಗೆ ರಾಶಿ ರಾಶಿ. ಚಳಿ ಬಂದರೆ ಗಿಡ ಮೊಗ್ಗು ಬಿಡುವುದು ಕಡಿಮೆ. ಆಗಲೇ ಪೊಂಗಲ್, ಆಮೇಲೆ ಮದುವೆಯ ಮುಹೂರ್ತ. ಬೆಲೆ ಆಕಾಶಕ್ಕೆ ಏರುತ್ತದೆ. ಆ ದಿನಗಳಲ್ಲಿ ಬಡವರ ತಲೆಗೆ ಕನಕಾಂಬರವೇ ಗತಿ.

ಕನಕಾಂಬರಕ್ಕೆ ವಾಸನೆ ಇಲ್ಲ. ಆದರೆ ಬಣ್ಣ ಇದೆ, ಹಗುರ ಇದೆ, ಬೇಗ ಬಾಡುವುದಿಲ್ಲ. ಅದರಲ್ಲಿ ಡೆಲ್ಲಿ ಕನಕಾಂಬರ ಎಂಬ ಜಾತಿ ಇದೆ. ಕೆಂಪು ಬೆರೆತ ಕಿತ್ತಳೆ ಬಣ್ಣ. ಆ ಗಿಡ ಬೀಜ ಕಟ್ಟುವುದಿಲ್ಲ. ಕಡ್ಡಿ ಕತ್ತರಿಸಿ ಬೇರು ಬರಿಸಿಯೇ ಬೆಳೆಸಬೇಕು. ಅಂದರೆ ಮನುಷ್ಯರ ಕೈ ಇಲ್ಲದಿದ್ದರೆ ಆ ಜಾತಿ ಉಳಿಯುವುದು ಕಷ್ಟ.

ಮಲ್ಲಿಗೆಯ ನೆಂಟರು ಹಲವರು. ಜಾಜಿ ಇದೆ, ಕಾಕಡ ಇದೆ, ತಮಿಳರು ಮುಲ್ಲೈ ಎನ್ನುವ ಸಣ್ಣ ಹೂ ಇದೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಮುಲ್ಲೈ, ಜಾಜಿ ಎರಡರಲ್ಲೂ ಸಿಒ-1, ಸಿಒ-2 ಎಂಬ ಒಳ್ಳೆಯ ತಳಿಗಳನ್ನು ಬಿಟ್ಟಿದ್ದಾರೆ. ಹೂವಿನ ನಡುವೆ ಹಸಿರು ಬೇಕಲ್ಲ? ಅದಕ್ಕೆ ಮರುಗ, ದವನ. ಇವು ಎಲೆಗಳೇ, ಹೂವಲ್ಲ. ಒಣಗಿದರೂ ವಾಸನೆ ಹೋಗುವುದಿಲ್ಲ.

ಇನ್ನು ಕೇದಿಗೆ. ತಮಿಳಲ್ಲಿ ತಾಳಂಪೂ. ನೀರಿನ ದಂಡೆಯ ಮುಳ್ಳುಪೊದೆಯಲ್ಲಿ ಬೆಳೆಯುತ್ತದೆ. ನಾವು ಮುಡಿಯುವ ಹಳದಿ ಗರಿ ನಿಜವಾಗಿ ಹೂವಲ್ಲ. ಹೂವನ್ನು ಮುಚ್ಚಿಕೊಂಡಿರುವ ಎಲೆಯಂಥ ಹೊದಿಕೆ. ಅಂಚಿನ ಮುಳ್ಳನ್ನು ಸೀಳಿ ತೆಗೆದು, ಗರಿಯನ್ನು ಮಡಚಿ, ಜಡೆಯ ಹೆಣಿಗೆಗೆ ಸಿಕ್ಕಿಸುತ್ತಾರೆ. ಕೇದಿಗೆಯ ವಾಸನೆಗೆ ಹಾವು ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹಾವು ಬರುವುದು ವಾಸನೆಗಲ್ಲ. ಪೊದೆಯ ತಂಪಿಗೆ, ಅಲ್ಲಿರುವ ಇಲಿ ಕಪ್ಪೆಗೆ. ಹಾಗಾಗಿ ಪೊದೆಗೆ ಕೈ ಹಾಕುವಾಗ ಹುಷಾರು. ತಲೆಯಲ್ಲಿ ಮುಡಿದದ್ದಕ್ಕೆ ಹೆದರಬೇಕಿಲ್ಲ. ಉತ್ತರ ಕರ್ನಾಟಕದ ಕಡೆ ಬಂಗಾರದಲ್ಲಿ ಮಾಡಿದ ಒಂದು ತಲೆ ಒಡವೆಗೂ ಕೇದಿಗೆ ಎಂದೇ ಹೆಸರು. ಮೊದಲು ಹೂ ಇತ್ತು. ಬಂಗಾರ ಆಮೇಲೆ ಅದನ್ನು ನೋಡಿ ಕಲಿಯಿತು.

ಕೊಂಡು ತರದ ಹೂವೂ ಉಂಟು. ಪೊಂಗಲ್ ಹಬ್ಬದ ಕೊನೆಗೆ ನಮ್ಮ ಕೊಂಗುನಾಡಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಹೂ ಕೊಯ್ಯಲು ಹೊರಡುತ್ತಾರೆ. ಅದಕ್ಕೆ ಪೂ ನೋಂಬಿ ಅನ್ನುತ್ತಾರೆ. ಒಣ ಹೊಲದ ಬದುವಿನಲ್ಲಿ ಅರಳುವ ಹಳದಿ ಆವಾರಂ ಹೂ ಕೊಯ್ದು, ಹಾಡಿ ಬರುತ್ತಾರೆ. ಕನ್ನಡದಲ್ಲಿ ಅದಕ್ಕೆ ತಂಗಡಿ ಅಥವಾ ಆವರಿಕೆ ಎಂದು ಹೆಸರು. ಅದಕ್ಕೆ ನೀರು ಹಾಕುವವರಿಲ್ಲ, ಬೆಲೆ ಕಟ್ಟುವವರಿಲ್ಲ.

ದುಂಡುಮಲ್ಲಿಗೆ ನಮ್ಮದು ಮಾತ್ರ ಎಂದುಕೊಂಡಿದ್ದೀರಾ? ಸಮುದ್ರದ ಆಚೆಯ ಫಿಲಿಪ್ಪೀನ್ಸ್ ದೇಶದವರು 1934ರಲ್ಲಿ ಇದೇ ಹೂವನ್ನು ತಮ್ಮ ರಾಷ್ಟ್ರಪುಷ್ಪ ಮಾಡಿಕೊಂಡರು. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಮದುಮಗಳ ತುರುಬಿನಿಂದ ಎದೆಯವರೆಗೆ ಮಲ್ಲಿಗೆ ಮೊಗ್ಗಿನ ಸರ ಇಳಿಬಿಡುತ್ತಾರೆ. ಅದನ್ನು ಕೇಳಿ ನಮ್ಮ ಅಜ್ಜಿಯೊಬ್ಬರು, "ಹಾಗಾದರೆ ಅವರೂ ನಮ್ಮ ನೆಂಟರೇ ಬಿಡು" ಅಂದರು.

ಬೆನ್ನ ಮೇಲಿನ ಮೊಗ್ಗು

ತಲೆಗೆ ಮಾಡುವ ಹೂವಿನ ಕೆಲಸದಲ್ಲಿ ದೊಡ್ಡದು ಮೊಗ್ಗಿನ ಜಡೆ. ತಮಿಳಿನಲ್ಲಿ ಪೂ ಜಡೈ. ಇದು ಬೇಸಿಗೆಯ ಕೆಲಸ, ಮೊಗ್ಗು ಅಗ್ಗವಾಗಿ ಸಿಗುವ ಕಾಲದ್ದು. ಚಿಕ್ಕ ಹುಡುಗಿಯರಿಗೆ ಆಸೆಗಾಗಿ ಹಾಕುತ್ತಾರೆ. ಮದುಮಗಳಿಗೆ ಹಾಕುತ್ತಾರೆ. ಬಸುರಿಗೆ ಬಳೆ ತೊಡಿಸುವ ಶಾಸ್ತ್ರದ ದಿನ ಹಾಕುತ್ತಾರೆ.

ಇದಕ್ಕೆ ಗಂಟು ಕಟ್ಟುವುದಿಲ್ಲ, ಸೂಜಿ ಬೇಕು. ಮೊದಲು ಒಂದೇ ಅಳತೆಯ ಮೊಗ್ಗುಗಳನ್ನು ಆರಿಸಿಕೊಳ್ಳಬೇಕು. ಅರ್ಧ ಕೆಲಸ ಇದೇ. ಆಮೇಲೆ ಜಡೆಯಷ್ಟು ಅಗಲದ ಬಾಳೆಪಟ್ಟೆ ಅಥವಾ ರಟ್ಟಿನ ಮೇಲೆ ಸಾಲು ಸಾಲಾಗಿ ಮೊಗ್ಗು ಪೋಣಿಸಿ ಹೊಲಿಯಬೇಕು. ನಡುನಡುವೆ ಕನಕಾಂಬರ, ಮರುಗ. ಕೊನೆಗೆ ಅದನ್ನು ನಿಜವಾದ ಜಡೆಯ ಮೇಲಿಟ್ಟು ದಾರದಿಂದ ಕಟ್ಟಬೇಕು. ಸಾಲಿಗೆ 16 ಮೊಗ್ಗಿನಂತೆ 40 ಸಾಲು ಬೇಕಾದರೆ ಎಷ್ಟು ಮೊಗ್ಗು? ಹದಿನಾರು ನಲವತ್ತಲಿ 640. ತೊಟ್ಟು ಮುರಿದು ಹಾಳಾಗುವುದು ಬೇರೆ.

ಇಷ್ಟು ಕಷ್ಟಪಟ್ಟು ಮಾಡಿದ್ದು ಇರುವುದು ಬೆನ್ನಿನ ಮೇಲೆ. ಮುಡಿದವಳಿಗೇ ಕಾಣುವುದಿಲ್ಲ! ಅದಕ್ಕೇ ಫೋಟೋ ಸ್ಟುಡಿಯೋದವರು ಒಂದು ಉಪಾಯ ಮಾಡಿದರು. ಹುಡುಗಿಯ ಹಿಂದೆ ದೊಡ್ಡ ಕನ್ನಡಿ ಇಟ್ಟು ಫೋಟೋ ತೆಗೆದರು. ಮುಖವೂ ಬಂತು, ಜಡೆಯೂ ಬಂತು. ಹಳೆಯ ಮನೆಗಳ ಗೋಡೆಯಲ್ಲಿ ಇಂಥ ಒಂದಾದರೂ ಫೋಟೋ ತೂಗುತ್ತಿರುತ್ತದೆ.

ಬೆಂಡು ಎಂಬ ಬಿಳಿ ತಿರುಳು

ಮೊಗ್ಗು ಒಂದು ದಿನದ್ದು. ಬಾಡದ ಒಡವೆ ಬೇಕೆಂದಾಗ ನಮ್ಮ ಹಿರಿಯರು ಹುಡುಕಿಕೊಂಡದ್ದು ಬೆಂಡು. ತಮಿಳಲ್ಲಿ ನೆಟ್ಟಿ. ಕೆರೆ, ಜವುಗಿನಲ್ಲಿ ಬೆಳೆಯುವ ಗಿಡ. ಕಾಂಡದ ಸಿಪ್ಪೆ ಹೆರೆದರೆ ಒಳಗೆ ಹಾಲಿನಂಥ ಬಿಳಿ ತಿರುಳು. ಹತ್ತಿಯಷ್ಟು ಹಗುರ. ಚೂಪಾದ ಚಾಕುವಿನಿಂದ ಕಾಗದದಂತೆ ತೆಳ್ಳಗೆ ಸುರುಳಿ ಸುಲಿಯಬಹುದು. ಬಣ್ಣ ಹಚ್ಚಬಹುದು.

ಕನ್ನಡ, ತೆಲುಗು ಮಾತಾಡುವ ಮನೆಗಳ ಮದುವೆಯಲ್ಲಿ ಗಂಡು ಹೆಣ್ಣಿನ ಹಣೆಗೆ ಬಾಸಿಂಗ ಕಟ್ಟುತ್ತಾರಲ್ಲ, ಅದನ್ನು ಮಾಡುತ್ತಿದ್ದದ್ದು ಬೆಂಡಿನಿಂದ. ಮೇಲೆ ಬಣ್ಣದ ಕಾಗದ, ಜರಿ, ಮಣಿ. ಹಗುರ ಆದ್ದರಿಂದ ಗಂಟೆಗಟ್ಟಲೆ ಕಟ್ಟಿಕೊಂಡು ಕೂತರೂ ಹಣೆ ನೋಯುವುದಿಲ್ಲ. ಬಂಗಾಳದಲ್ಲಿ ಮದುಮಗನ ಕಿರೀಟವೂ ಇದರದೇ. ತಂಜಾವೂರಿನ ನೆಟ್ಟಿ ಕೆಲಸಕ್ಕೆ 2020ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಆ ಹೆಸರನ್ನು ಬೇರೆ ಊರಿನವರು ತಮ್ಮ ಸರಕಿಗೆ ಹಾಕಿಕೊಳ್ಳುವ ಹಾಗಿಲ್ಲ.

ಬ್ರಿಟಿಷರ ಕಾಲದ ಸಾಹೇಬರು ಬಿಸಿಲಿಗೆ ಹಾಕುತ್ತಿದ್ದ ದೊಡ್ಡ ಟೋಪಿ ಗೊತ್ತಲ್ಲ? ಸೋಲಾ ಟೋಪಿ. ಅದನ್ನೂ ಇದೇ ಬೆಂಡಿನಿಂದ ಮಾಡುತ್ತಿದ್ದರು. ಕಲೆಕ್ಟರ ತಲೆಗೂ ಮದುಮಗನ ಹಣೆಗೂ ಒಂದೇ ಕೆರೆಯ ಗಿಡ! ಈಗ ಅಂಗಡಿಯಲ್ಲಿ ಸಿಗುವ ಬಾಸಿಂಗ ಬಹಳಷ್ಟು ಥರ್ಮಾಕೋಲಿನದು. ನೋಡಲು ಬೆಂಡಿನ ಹಾಗೇ ಇರುತ್ತದೆ. ಆದರೆ ಮಣ್ಣಿಗೆ ಹಾಕಿದರೆ ಕೊಳೆಯುವುದಿಲ್ಲ.

ಆನೆಮಲೆಯ ಬಾಚಣಿಗೆ

ಬೆಂಡಿಗಿಂತಲೂ ಗಟ್ಟಿಯಾದ ಒಡವೆ ಒಂದಿದೆ. ಅದನ್ನು ಮಾಡಿದವರು ಕೊಯಮತ್ತೂರು ಜಿಲ್ಲೆಯ ದಕ್ಷಿಣದ ಆನೆಮಲೆ ಕಾಡಿನವರು. ಅಲ್ಲಿ, ಟಾಪ್‌ಸ್ಲಿಪ್ ವಾಲ್ಪಾರೈ ಕಡೆ, ಕಾಡರು ಎಂಬ ಆದಿವಾಸಿ ಜನ ಇದ್ದಾರೆ. ಗಡಿಯಾಚೆ ಕೇರಳದಲ್ಲೂ ಇದ್ದಾರೆ. ಜೇನು, ಗೆಡ್ಡೆ, ಕಾಡಿನ ಉತ್ಪನ್ನ ಸಂಗ್ರಹಿಸಿ ಬದುಕಿದವರು.

ಕಾಡರ ಹೆಂಗಸರು ತುರುಬಿಗೆ ಬಿದಿರಿನ ಬಾಚಣಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ತಲೆ ಬಾಚುವುದಕ್ಕೂ ಅದೇ, ಅಲಂಕಾರಕ್ಕೂ ಅದೇ. ಮಾಡುವವರು ಗಂಡಸರು. ಬಿದಿರನ್ನು ಸೀಳಿ, ಹಲ್ಲು ಕೊರೆದು, ಮೇಲಿನ ಭಾಗದಲ್ಲಿ ಗೆರೆ, ಗೂಡು, ಮೂಲೆಗಳ ಚಿತ್ತಾರ ಕೆತ್ತುತ್ತಿದ್ದರು. ಮದುವೆಯಾಗುವ ಹುಡುಗ ತನ್ನ ಕೈಯಾರೆ ಬಾಚಣಿಗೆ ಮಾಡಿ ಹುಡುಗಿಗೆ ಕೊಡುವುದು ಅವರಲ್ಲಿ ವಾಡಿಕೆ. ನಮ್ಮಲ್ಲಿ ತಾಳಿಗೆ ಅಕ್ಕಸಾಲಿ ಬೇಕು, ಸಾಲ ಬೇಕು. ಅಲ್ಲಿ ಹುಡುಗನ ಕೈಗೆಲಸ ಬೇಕು. ನಮ್ಮ ತರಗತಿಯ ಹೆಂಗಸರಿಗೆ ಈ ಮಾತು ಬಹಳ ಹಿಡಿಸಿತು. "ನಮ್ಮವರಿಗೆ ಒಂದು ಕಡ್ಡಿ ಸೀಳೋಕೂ ಬರಲ್ಲ" ಎಂದು ಒಬ್ಬರು ಅಂದಾಗ ಪಾಠ ಮುಂದುವರಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಮದರಾಸು ಮ್ಯೂಸಿಯಮ್ಮಿನ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಎಂಬವರು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟದ ಪುಸ್ತಕ ಬರೆದರು. ಅದು 1909ರಲ್ಲಿ ಅಚ್ಚಾಯಿತು. ಕಾಡರ ಬಾಚಣಿಗೆಯ ಮಾತು ಅದರಲ್ಲಿ ಇದೆ. ಆದರೆ ಅವರು ಕಾಡರ ಮೂಗು, ತಲೆಗಳನ್ನೂ ಅಳತೆಪಟ್ಟಿಯಲ್ಲಿ ಅಳೆದರು. ಮನುಷ್ಯರನ್ನು ಹಾಗೆ ಅಳೆದು ಮೇಲು ಕೀಳು ಹೇಳುವ ವಿದ್ಯೆ ಸುಳ್ಳು ಎಂದು ಈಗ ಎಲ್ಲರಿಗೂ ಗೊತ್ತಾಗಿದೆ. ಅಳೆಯಬೇಕಾಗಿದ್ದರೆ ಆ ಕೈಗಳ ಕೌಶಲವನ್ನು ಅಳೆಯಬೇಕಿತ್ತು.

ಬಾಚಣಿಗೆಗೆ ಬಿದಿರು ಬೇಕು. ಬಿದಿರು ಕಾಡಿನದು. ಬಹಳ ಕಾಲ ಕಾಡಿನವರೇ ಒಂದು ಬಿದಿರು ಕಡಿದರೂ ಕೇಸು ಬೀಳುವ ಭಯ ಇತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದು ಹೇಳಿದೆ. ಕಾಡಿನಲ್ಲಿ ತಲೆತಲಾಂತರದಿಂದ ಇರುವವರು ಅದನ್ನು ಸಂಗ್ರಹಿಸಬಹುದು, ಬಳಸಬಹುದು, ಮಾರಬಹುದು. ಇದು ಹಕ್ಕು, ಯಾರೂ ಕೊಡುವ ದಾನವಲ್ಲ.

ಬರಿದಾದ ತಲೆ

ಈಗ ಹೂವಿನ ಅಕ್ಕನ ಮಾತಿಗೆ ಬರೋಣ.

ಅವರ ಗಂಡ ತೀರಿಹೋಗಿ ಒಂಬತ್ತು ವರ್ಷ. ಆ ದಿನ ಕೊನೆಯ ಸಲ ತಲೆತುಂಬ ಹೂ ಮುಡಿಸಿದರು. ಕೈತುಂಬ ಬಳೆ ತೊಡಿಸಿದರು. ಆಮೇಲೆ ಎಲ್ಲರ ಮುಂದೆ ಹೂ ಕಿತ್ತರು, ಬಳೆ ಒಡೆದರು. ಅಂದಿನಿಂದ ಅವರು ಹೂ ಮುಡಿದಿಲ್ಲ. ಬದುಕಲು ಆರಿಸಿಕೊಂಡ ಕೆಲಸವೋ ಹೂ ಕಟ್ಟುವುದು. ದಿನಕ್ಕೆ ಸಾವಿರ ಸಾವಿರ ಮೊಗ್ಗು ಅವರ ಬೆರಳಿನಿಂದ ದಾಟಿ ಹೋಗುತ್ತವೆ. "ಕೈಯೆಲ್ಲ ವಾಸನೆ, ತಲೆಗೆ ಮಾತ್ರ ಇಲ್ಲ" ಎಂದು ಒಮ್ಮೆ ತಾವೇ ಹೇಳಿದ್ದರು. ಅಳುತ್ತಾ ಹೇಳಲಿಲ್ಲ. ಗಂಟು ಹಾಕುತ್ತಲೇ ಹೇಳಿದರು.

ಆ ದಿನ ಒಬ್ಬ ಹುಡುಗಿ ಕೇಳಿಯೇಬಿಟ್ಟಳು. "ಹಾಗಂತ ಕಾನೂನು ಇದೆಯಾ ಟೀಚರ್?"

ಇಲ್ಲ. ಅಂಥ ಕಾನೂನು ಇಲ್ಲ. ವಿಧವೆ ಮತ್ತೆ ಮದುವೆಯಾಗಬಹುದು ಎಂದು 1856ರಲ್ಲೇ ಕಾನೂನು ಆಗಿದೆ. ಮದುವೆಗೇ ಅಡ್ಡಿ ಇಲ್ಲದ ಮೇಲೆ ಹೂವಿಗೆ ಎಲ್ಲಿಯ ಅಡ್ಡಿ? ತಡೆಯುವುದು ರೂಢಿ, ನೆರೆಹೊರೆಯವರ ನಾಲಿಗೆ.

ಅದಕ್ಕೆ ಅಜ್ಜಿ ಒಂದು ಮಾತು ಸೇರಿಸಿದರು. "ಹೂ ಗಂಡ ಕೊಟ್ಟದ್ದಾ? ಹುಟ್ಟಿದಾಗಿಂದ ಮುಡಿದಿದ್ದೀವಲ್ಲ. ಅವನು ಕಟ್ಟಿದ್ದು ತಾಳಿ ಒಂದೇ. ಅವನ ಜೊತೆ ಹೋಗೋದಾದರೆ ಅದೊಂದೇ ಹೋಗಲಿ."

ರೂಢಿಯನ್ನು ಊರೇ ಸೇರಿ ಮುರಿದ ಉದಾಹರಣೆ ಇದೆ. ಕರ್ನಾಟಕದ ಗಡಿಗೆ ಹತ್ತಿರ, ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ ಹೇರವಾಡ ಎಂಬ ಊರು. 2022ರ ಮೇ ತಿಂಗಳಲ್ಲಿ ಅಲ್ಲಿನ ಪಂಚಾಯಿತಿ ಒಂದು ಠರಾವು ಮಾಡಿತು. ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಕೀಳುವುದು ಇನ್ನು ನಮ್ಮ ಊರಲ್ಲಿ ಬೇಡ ಎಂದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಊರುಗಳೂ ಹೀಗೆ ಮಾಡಲಿ ಎಂದು ಸುತ್ತೋಲೆ ಕಳಿಸಿತು. ಅದಕ್ಕೂ ಮೊದಲು, 2013ರಲ್ಲಿ, ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು. ದೇವರಿಗೆ ಹೂ ಏರಿಸುವ ಕೈ ಅವರದಾಯಿತು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಏನೂ ಹೇಳಲಿಲ್ಲ. ಬುಟ್ಟಿ ಮುಚ್ಚಿ ಎದ್ದು ಹೋದರು. ನಾನು ತಪ್ಪು ಮಾಡಿದೆನೇನೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಅಕ್ಕನ ಮಗಳಿಗೆ ಬಳೆ ತೊಡಿಸುವ ಶಾಸ್ತ್ರ ಬಂತು. ಮಗಳಿಗೆ ಮೊಗ್ಗಿನ ಜಡೆ ಬೇಕು. ಊರಿಗೆಲ್ಲ ಹೂ ಕಟ್ಟುವ ತಾಯಿ ಹಿಂದಿನ ರಾತ್ರಿ ಕೂತು ಜಡೆ ಹೊಲಿದರು. ಶಾಸ್ತ್ರದ ಹೊತ್ತಿಗೆ, ಎಲ್ಲ ಕಡೆ ನಡೆಯುವ ಹಾಗೆ, ತಾವೇ ಅಡುಗೆಮನೆಗೆ ಸರಿದು ನಿಂತರು. ಜಡೆ ಕಟ್ಟಲು ಬೇರೆ ಒಬ್ಬರು ಮುಂದೆ ಬಂದರು. ಮಗಳು ತಲೆ ಕೊಡಲ್ಲ ಅಂದಳಂತೆ. "ಹೊಲಿದ ಕೈಯೇ ಕಟ್ಟಲಿ. ಅಮ್ಮಾ, ಬಾ ಇಲ್ಲಿ." ನೆಂಟರಲ್ಲಿ ಇಬ್ಬರು ಮುಖ ತಿರುಗಿಸಿದರು. ಉಳಿದವರು ಸುಮ್ಮನಿದ್ದರು. ಅಕ್ಕ ಬಂದು ಕಟ್ಟಿದರು.

ಆ ಫೋಟೋವನ್ನು ಅಕ್ಕ ತರಗತಿಗೆ ತಂದಿದ್ದರು. ಮಗಳು ಮುಂದೆ ಕೂತಿದ್ದಾಳೆ. ಹಿಂದಿನ ಕನ್ನಡಿಯಲ್ಲಿ ಜಡೆ ಕಾಣುತ್ತದೆ. ಕನ್ನಡಿಯ ಅಂಚಿನಲ್ಲಿ ಅಕ್ಕನೂ ಬಿದ್ದಿದ್ದಾರೆ. ತಲೆಯಲ್ಲಿ ಹೂ ಇಲ್ಲ. ಕೈಯಲ್ಲಿ ಸೂಜಿ ದಾರ ಇದೆ. ಫೋಟೋದ ಹಿಂದೆ ಪೆನ್ನಿನಲ್ಲಿ, ದಪ್ಪ ದಪ್ಪ ಅಕ್ಷರದಲ್ಲಿ ಅವರೇ ಬರೆದಿದ್ದರು:

ನಾನು ಕಟ್ಟಿದ ಜಡೆ. 640 ಮೊಗ್ಗು.